ಉಗುಳದೆ ಕೊಟ್ಟ ಕೂದಲು

ನಮ್ಮ ಓಣಿಯ ಕಸಕ್ಕೆ ಇಬ್ಬರು ಗಿರಾಕಿಗಳು. ಒಬ್ಬರು ನಗರಸಭೆಯ ಗಾಡಿಯವರು. ದಿನಾ ಬೆಳಿಗ್ಗೆ ಹಾಡು ಹಚ್ಚಿಕೊಂಡು ಬರುತ್ತಾರೆ, ಹಸಿ ಕಸ ಬೇರೆ ಒಣ ಕಸ ಬೇರೆ ಕೊಡಿ ಎಂದು ಗೋಗರೆಯುತ್ತಾರೆ, ನಾವು ಎರಡನ್ನೂ ಕಲಸಿಯೇ ಸುರಿಯುತ್ತೇವೆ. ಇನ್ನೊಬ್ಬಳು ಫಕೀರಮ್ಮ. ವಾರಕ್ಕೊಮ್ಮೆ, ಬುಧವಾರ ಬರುತ್ತಾಳೆ. ಹಾಡಿಲ್ಲ, ಗಾಡಿಯಿಲ್ಲ. “ತಲಿಗೂದ್ಲಾ... ಹಿಕ್ಕಿದ ಕೂದ್ಲಾ ಹಾಕ್ರೇ...” ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾಳೆ. ಗಂಗಾವತಿಯ ಹೆಂಗಸರು ಯಾವ ಅಧಿಕಾರಿ ಹೇಳಿದರೂ ಬೇರೆ ಮಾಡದ ಕಸವನ್ನು ಇವಳಿಗಾಗಿ ಬೇರೆ ಮಾಡಿ, ಡಬ್ಬಿಯಲ್ಲಿಟ್ಟು ಕಾಯುತ್ತಿರುತ್ತಾರೆ.

ಕೂದಲೆಂದರೆ ಕತ್ತರಿಸಿದ ಕೂದಲಲ್ಲ. ತಲೆ ಬಾಚುವಾಗ ಹಣಿಗೆಗೆ ಸಿಕ್ಕಿ ಬರುವುದು, ಬಚ್ಚಲ ಜಾಲರಿಗೆ ಅಂಟಿಕೊಳ್ಳುವುದು. ಗಟಾರಕ್ಕೆ ಬಿಟ್ಟರೆ ನೀರು ಕಟ್ಟಿ ನಿಲ್ಲುತ್ತದೆ, ಗೊಬ್ಬರದ ಗುಂಡಿಗೆ ಹಾಕಿದರೆ ವರ್ಷವಾದರೂ ಕೊಳೆಯುವುದಿಲ್ಲ. ಫಕೀರಮ್ಮ ಅದನ್ನು ಚೀಲಕ್ಕೆ ತುಂಬಿಕೊಂಡು ಕೊಪ್ಪಳದ ಮಗ್ಗುಲಿಗಿರುವ ಭಾಗ್ಯನಗರಕ್ಕೆ ಒಯ್ಯುತ್ತಾಳೆ. ಅಲ್ಲಿ ಮನೆಗಳಲ್ಲೂ ಶೆಡ್ಡುಗಳಲ್ಲೂ ಹೆಂಗಸರು ಕೂತು ಅದರ ಸಿಕ್ಕು ಬಿಡಿಸುತ್ತಾರೆ, ತೊಳೆಯುತ್ತಾರೆ, ಮೊಳೆ ಹೊಡೆದ ಹಲಗೆಗೆ ಎಳೆದು ಉದ್ದ ಗಿಡ್ಡ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಆಮೇಲೆ ಅದು ಯಾವ ದೇಶದ ಯಾವ ಬೋಳು ತಲೆಯ ಮೇಲೆ ಹೋಗಿ ಕೂರುತ್ತದೋ ನಮಗೆ ಗೊತ್ತಿಲ್ಲ. ನಮಗೆ ಬರುವುದು ಪಿನ್ನು, ಸ್ಟೀಲಿನ ಬಟ್ಟಲು, ಕೂದಲು ಹೆಚ್ಚಿದ್ದರೆ ಒಂದು ಪುಟ್ಟ ಡಬರಿ.

ಆದರೆ ಕೂದಲು ಹಾಲಿನ ಪಾಕೀಟಿನಂತಲ್ಲ. ಅದು ಮೈಯಿಂದ ಬಿದ್ದರೂ ಆ ಮೈಯದೇ ಎಂದು ನಮ್ಮ ಕಡೆ ನಂಬುತ್ತಾರೆ. ಆಗದವರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆಂಬ ಭಯ. ಅದಕ್ಕೇ ತಲೆ ಬಾಚಿದ ಮೇಲೆ ಬಿದ್ದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಮೂರು ಸಲ ಥೂ ಥೂ ಥೂ ಎಂದು ಉಗುಳಿಯೇ ಬಿಸಾಡುವುದು. ಸಣ್ಣ ಮಕ್ಕಳ ಕೂದಲಿಗೆ ಅವರ ಪರವಾಗಿ ತಾಯಿ ಉಗುಳುತ್ತಾಳೆ. ಬೇರೆ ಯಾರು ಉಗುಳಿದರೂ ನಡೆಯುವುದಿಲ್ಲ. ಫಕೀರಮ್ಮನ ದಂಧೆ ನಿಂತಿದ್ದೇ ಈ ಎಂಜಲಿನ ಮೇಲೆ. ಉಗುಳದ ಕೂದಲನ್ನು ಅವಳು ಮುಟ್ಟುತ್ತಿರಲಿಲ್ಲ, ಉಗುಳಿದ್ದನ್ನೂ ಕೈಯಿಂದ ಕೈಗೆ ಇಸಿದುಕೊಳ್ಳುತ್ತಿರಲಿಲ್ಲ, ಮೊರ ಮುಂದೆ ಒಡ್ಡುತ್ತಿದ್ದಳು.

“ಮೊದ್ಲು ಉಗುಳ್ರಿ, ಆಮ್ಯಾಲ ಹಾಕ್ರಿ. ಉಗುಳಿದ ಮ್ಯಾಲ ಅದು ಯಾರದೂ ಅಲ್ಲ” ಎನ್ನುತ್ತಿದ್ದಳು.

ನಿನಗೆ ಇದರಲ್ಲಿ ನಂಬಿಕೆಯಿದೆಯಾ ಸುಕನ್ಯಾ ಎಂದು ನನ್ನನ್ನು ಕೇಳಬೇಡಿ. ನಾನು ಜಂಪರ್ ಹೊಲಿಯುವಾಕೆ. ಇಡೀ ದಿನ ಮಷೀನಿನ ಮುಂದೆ ಕೂತು ಓಣಿಯವರ ಮೂಢನಂಬಿಕೆಗೆ ಬಯ್ಯುತ್ತೇನೆ, ತಲೆ ಬಾಚಿಕೊಂಡ ಮೇಲೆ ಮರೆಯದೆ ಉಗುಳುತ್ತೇನೆ.

ಫಕೀರಮ್ಮನಿಗೆ ಈಗ ಐವತ್ತರ ಆಸುಪಾಸು. ಯಲಬುರ್ಗಾ ಕಡೆಯ ಒಂದು ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಆ ಹೆಸರು. ಹಣೆಯ ಮೇಲೆ ಕಾಸಗಲದ ಕುಂಕುಮ, ಬಾಯಲ್ಲಿ ಹುಲಿಗೆಮ್ಮನ ನಾಮ. ಅವಳ ತಾಯಿ ಭಾಗ್ಯನಗರದಲ್ಲಿ ಸಿಕ್ಕು ಬಿಡಿಸುವಾಕೆಯಾಗಿದ್ದಳು. ಫಕೀರಮ್ಮ ಓದು ಬರಹಕ್ಕಿಂತ ಮೊದಲು ಸಿಕ್ಕು ಬಿಡಿಸುವ ದಬ್ಬಣ ಹಿಡಿಯುವುದನ್ನು ಕಲಿತಳು, ಓದು ಬರಹ ಆಮೇಲೂ ಬರಲಿಲ್ಲ. ಗಂಡ ಓಬಳೆಪ್ಪ ಸೈಕಲ್ ಮೇಲೆ ಕುಷ್ಟಗಿ, ಹನುಮಸಾಗರ ಸುತ್ತಿ ಕೂದಲು ತರುತ್ತಿದ್ದ, ಇವಳು ಮನೆಯಲ್ಲಿ ಬಿಡಿಸುತ್ತಿದ್ದಳು. ಆತ ತೀರಿಕೊಂಡ ಮೇಲೆ ಚೀಲ ಇವಳ ಹೆಗಲಿಗೆ ಬಂತು. ಗಂಡಸಿಗೆ ಬಾಗಿಲ ಸಂದಿಯಲ್ಲಿ ಕೈ ಚಾಚಿ ಕೊಡುತ್ತಿದ್ದ ಹೆಂಗಸರು ಇವಳನ್ನು ಕರೆದು ಕೂರಿಸಿ ಚಹಾ ಕೊಟ್ಟರು. ಈಗ ಅವಳ ಕಣ್ಣು ಮಂಜಾಗಿದೆ. ಎಳೆ ಕಾಣದವಳಿಗೆ ಸಿಕ್ಕು ಬಿಡಿಸುವ ಕೆಲಸ ಯಾರು ಕೊಡುತ್ತಾರೆ? ಓಣಿ ಸುತ್ತುವುದೊಂದೇ ಅವಳಿಗೆ ಉಳಿದ ದಾರಿ.

ಆ ಮಳೆಗಾಲದ ಬುಧವಾರ ನಮ್ಮ ಓಣಿಗೆ ಡೆಂಗಿ ಜಾಗೃತಿಯವರು ಬಂದಿದ್ದರು. ನೀರು ನಿಲ್ಲಿಸಬೇಡಿ, ರಸ್ತೆಯಲ್ಲಿ ಉಗುಳಬೇಡಿ, ಉಗುಳಿದರೆ ದಂಡ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಫಕೀರಮ್ಮ ಎಂದಿನಂತೆ ನನ್ನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದ್ದಳು. ಎದುರು ಮನೆಯ ಶಾಂತಕ್ಕ ಸಂತೆಗೆ ಹೋಗಿದ್ದಳು. ಅವಳ ಸೊಸೆ ಶ್ವೇತಾ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂದಲು ಹಿಡಿದು ಬಂದಳು. ಹೋದ ಬೇಸಿಗೆಯಲ್ಲಿ ಮದುವೆಯಾಗಿ ಬಂದ ಹುಡುಗಿ, ಮದುವೆಗೆಂದು ಕೂದಲ ತುದಿಗೆ ಹಚ್ಚಿಸಿದ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ.

“ಉಗುಳವ್ವಾ” ಎಂದಳು ಫಕೀರಮ್ಮ.

ಶ್ವೇತಾ ಮೈಕಿನವರ ಕಡೆ ನೋಡಿದಳು. ಅವರಲ್ಲೊಬ್ಬ ಆಗಲೇ ನಮ್ಮತ್ತ ತಿರುಗಿದ್ದ. ಹುಡುಗಿ ನಾಚಿಕೊಂಡು ನಕ್ಕಳು. “ನನ್ನ ಬದ್ಲಿ ನೀವ ಉಗುಳಿ ಬಿಡ್ರಿ.”

“ನಾ ಉಗುಳಿದ್ರ ನಡಿತೈತೇನು? ನಾನೇನು ನಿಮ್ಮವ್ವ ಏನು?”

ಆತ ನಾಲ್ಕು ಹೆಜ್ಜೆ ಹತ್ತಿರ ಬಂದ. ಶ್ವೇತಾ ಕೂದಲನ್ನು ಮೊರಕ್ಕೆ ಸುರಿದು ಒಳಗೆ ಓಡಿದಳು. ಫಕೀರಮ್ಮ ಒಂದು ಗಳಿಗೆ ಮೊರ ಹಿಡಿದು ಕೂತಳು. ಆಮೇಲೆ ಚೀಲದ ಬಾಯಿ ಬಿಚ್ಚಿ ಅದನ್ನೂ ಒಳಗೆ ಹಾಕಿದಳು. ಇಷ್ಟು ವರ್ಷದಲ್ಲಿ ಅವಳು ತನ್ನ ನೇಮ ತಪ್ಪಿದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ, ಅದೂ ನನ್ನ ಕಟ್ಟೆಯ ಮೇಲೆ, ನನ್ನ ಕಣ್ಣೆದುರು.

ಭಾನುವಾರದ ಹೊತ್ತಿಗೆ ಶ್ವೇತಾಳಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದರು. ಹುಡುಗಿ ಬದುಕಿದಳು ಎಂದು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಆಸ್ಪತ್ರೆಯ ಕಡೆಯೇ ನೋಡುತ್ತ ಕೂರುತ್ತೀರಿ. ಆದರೆ ಅಂದು ಅದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಡೆಂಗಿ ಎಂದರು, ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದರು. ಓಣಿಯಲ್ಲಿ ಇಷ್ಟು ಮಂದಿ ಇರುವಾಗ ಸೊಳ್ಳೆ ನನ್ನ ಸೊಸೆಯನ್ನೇ ಯಾಕೆ ಕಚ್ಚಿತು ಎಂಬ ಶಾಂತಕ್ಕನ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಮಂಗಳವಾರ. ಜ್ವರದ ನಡುವೆ ಕಣ್ಣು ಬಿಟ್ಟ ಶ್ವೇತಾ, “ಅತ್ತಿ, ನಾ ಉಗುಳಿಲ್ಲ” ಎಂದಳಂತೆ. ಮತ್ತೆ ಮತ್ತೆ ಅದನ್ನೇ ಅಂದಳಂತೆ.

ಮರುದಿನ ಫಕೀರಮ್ಮ ಏನೂ ಅರಿಯದೆ ಓಣಿಗೆ ಕಾಲಿಟ್ಟಳು. “ತಲಿಗೂದ್ಲಾ” ಎಂಬ ಕೂಗು ಪೂರ್ತಿಯಾಗಲಿಲ್ಲ. ಶ್ವೇತಾಳ ಗಂಡ ರಾಮಾಂಜನೇಯ ಅವಳ ಮುಂದೆ ಬಂದು ನಿಂತ. ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವ ಹುಡುಗ, ಯಾವತ್ತೂ ತಲೆ ಎತ್ತಿ ಮಾತಾಡಿದವನಲ್ಲ. ಅಂದು ಅವನ ಕಣ್ಣು ನೋಡಿ ನನಗೇ ಹೆದರಿಕೆಯಾಯಿತು.

“ನನ್ನ ಹೆಂಡ್ತಿ ಕೂದಲಾ ಎಲ್ಲಿಟ್ಟೀ?”

“ಚೀಲದಾಗ ಹೋತಪ್ಪಾ, ಭಾಗ್ಯನಗರಕ್ಕ. ಯಾಕ, ಏನಾತು?”

“ಏನಾತಂತ ಕೇಳ್ತಾಳ ನೋಡ್ರಿ! ಯಾರು ಕಳಿಸ್ಯಾರ ನಿನ್ನ? ಏನ ಮಾಡಿಸಿದೀ ಹೇಳು!”

ಜನ ಸೇರಿದರು. ಯಾರೋ ಬುಟ್ಟಿಗೆ ಒದ್ದರು, ಸ್ಟೀಲಿನ ಬಟ್ಟಲುಗಳು ಗಟಾರದವರೆಗೆ ಉರುಳಿದವು. ರಾಮಾಂಜನೇಯ ಫೋನು ಎತ್ತಿ ಅವಳ ಮುಖಕ್ಕೆ ಹಿಡಿದ. ಹೆಸರು ಹೇಳು ಎಂದ. ಫಕೀರಮ್ಮ ಎಂದಳು. ಹೆಸರು ಕೇಳಿ ಕೆಲವರು ಒಂದು ತೀರ್ಮಾನಕ್ಕೆ ಬಂದರು, ಕುಂಕುಮ ನೋಡಿ ಕೆಲವರು ಇನ್ನೊಂದಕ್ಕೆ. ಮಾಟಗಾತಿ ಎನ್ನುವುದರಲ್ಲಿ ಮಾತ್ರ ಇಬ್ಬರೂ ಒಂದಾದರು. ನನಗೆ ತಡೆಯಲಾಗಲಿಲ್ಲ.

“ಡಾಕ್ಟರ್ ಡೆಂಗಿ ಅಂದಾರಲ್ಲೋ, ನಿಮ್ಮ ಹಿತ್ತಲ ಡ್ರಮ್ಮಿನ್ಯಾಗಿನ ನೀರು ಚೆಲ್ಲೀಯೇನು ಮೊದ್ಲು?” ಎಂದು ಕೂಗಿದೆ.

ಶಾಂತಕ್ಕ ನನ್ನ ಕಡೆ ತಿರುಗಿದಳು. ಮೂರು ದಿನದಿಂದ ನಿದ್ದೆಯಿಲ್ಲದ ಮುಖ. “ಸುಕನ್ಯಾ, ನಿನ್ನ ಕಟ್ಟಿ ಮ್ಯಾಲ ಆಗೈತಿ ಇದು. ನಮ್ಮ ಹುಡುಗಿ ಉಗುಳಿದ್ಲೋ ಇಲ್ಲೋ ಹೇಳು.”

ಉತ್ತರ ಕೊಟ್ಟವಳು ಫಕೀರಮ್ಮ. “ಉಗುಳಿಲ್ಲವ್ವಾ. ನಾ ತಗೋಬಾರದಿತ್ತು, ತಗೊಂಡೆ. ತಪ್ಪು ನಂದ.”

ಆ ಮಾತಿಗೆ ಒಬ್ಬ ಕೈ ಎತ್ತಿಯೇ ಬಿಟ್ಟ. ಶಾಂತಕ್ಕ ಅವನನ್ನು ತಡೆದಳು. ಕರುಣೆಯಿಂದಲ್ಲ, ಅವಳಿಗೆ ಆ ಕೂದಲು ಬೇಕಿತ್ತು. ಯಾರೋ ಹಿರಿಯರು ಹೇಳಿದ್ದರಂತೆ, ಆ ಕೂದಲನ್ನು ತಂದು ಉಪ್ಪು ಮೆಣಸಿನಕಾಯಿ ಜೊತೆ ಸುಟ್ಟರೆ ಹಿಡಿದದ್ದು ಬಿಡುತ್ತದೆಂದು.

ರಾಮಾಂಜನೇಯ ಷರತ್ತು ಹಾಕಿದ. “ಹೊತ್ತು ಮುಳುಗೋದ್ರೊಳಗ ಆ ಕೂದಲ ನಮ್ಮವ್ವನ ಕೈಯಾಗ ಇರಬೇಕು. ಇಲ್ಲಾಂದ್ರ ಈ ವಿಡಿಯೋ ಎಲ್ಲಾ ಗ್ರೂಪಿಗೂ ಬಿಡ್ತೀನಿ. ಕಾರಟಗಿ, ಶ್ರೀರಾಮನಗರ, ಕುಷ್ಟಗಿ, ಯಾವ ಊರಾಗ ಚೀಲ ಹಿಡ್ಕೊಂಡು ಅಡ್ಡ್ಯಾಡ್ತೀ ನಾನೂ ನೋಡ್ತೀನಿ.”

ಅಂಥ ವಿಡಿಯೋ ಏನು ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ಹಬ್ಬಿದ ವರ್ಷ ದಾರಿಹೋಕರನ್ನು ಕಂಬಕ್ಕೆ ಕಟ್ಟಿದ್ದನ್ನು ಇದೇ ಫೋನಿನಲ್ಲಿ ನೋಡಿದವರು ನಾವು. ಫಕೀರಮ್ಮ ಓಡಿಹೋಗದಂತೆ ನೋಡಿಕೊಳ್ಳಲು ಒಬ್ಬರು ಜೊತೆಗೆ ಹೋಗಬೇಕೆಂದಾಯಿತು. ಅಷ್ಟು ಮಾತಾಡುವವಳು ನೀನೇ ಹೋಗು ಎಂದರು. ನಾನು ಮಷೀನಿಗೆ ಬಟ್ಟೆ ಮುಚ್ಚಿ, ಕಾಲಿಗೆ ಚಪ್ಪಲಿ ಸಿಕ್ಕಿಸಿ ಹೊರಟೆ.

ಬಸ್ಸಿನಲ್ಲಿ ಫಕೀರಮ್ಮ ಕಿಟಕಿಯ ಸರಳು ಬಿಗಿಯಾಗಿ ಹಿಡಿದು ಕೂತಿದ್ದಳು. ಬೂದಗುಂಪಾ ದಾಟಿದ ಮೇಲೆ ಒಂದೇ ಮಾತಾಡಿದಳು. “ಮಾಜೀದಣ್ಣ ಚೀಲ ಕೂಡಿಟ್ಟು ಬಿಚ್ಚತಾನ. ನಂದು ಇನ್ನೂ ಬಿಚ್ಚಿರಲಿಕ್ಕಿಲ್ಲ.” ಆ ಒಂದು ಆಸೆಯ ಮೇಲೆ ನಾವಿಬ್ಬರೂ ಕೊಪ್ಪಳ ತಲುಪಿದೆವು. ಅಲ್ಲಿಂದ ಆಟೋ ಹಿಡಿದೆವು.

ಭಾಗ್ಯನಗರದಲ್ಲಿ ಅವಳ ಚೀಲ ಕೊಳ್ಳುವ ಮಾಜೀದನ ಶೆಡ್ಡಿಗೆ ಕಾಲಿಟ್ಟೆವು. ತಗಡಿನ ಚಾವಣಿಯ ಕೆಳಗೆ ಸಾಲಾಗಿ ಕೂತ ಹೆಂಗಸರು, ಪ್ರತಿಯೊಬ್ಬರ ಮುಂದೆ ಮೊಣಕಾಲೆತ್ತರ ಕೂದಲು. ಗಂಗಾವತಿಯದು, ಕುಷ್ಟಗಿಯದು, ಯಲಬುರ್ಗಾದ್ದು, ಎಲ್ಲಾ ಒಂದೇ ಕಪ್ಪು. ನನಗೆ ಗೊತ್ತಿರುವ ಎಲ್ಲಾ ಹೆಂಗಸರ ತಲೆಗಳು ಅಲ್ಲಿ ಸೇರಿದಂತೆ ಕಂಡಿತು. ನನ್ನ ಕೂದಲೂ ಅಲ್ಲೆಲ್ಲೋ ಇರಬೇಕಲ್ಲ ಎಂದು ನೆನಪಾಗಿ ತುರುಬು ಮುಟ್ಟಿಕೊಂಡೆ.

ಮಾಜೀದ ಮುದುಕ, ಒಳ್ಳೆಯವನು. ವಿಷಯ ಕೇಳಿ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಚೀಲಾ ನಿನ್ನೇನ ಬಿಚ್ಚೀವಿ ಫಕೀರವ್ವಾ. ಆರ್ಡರ್ ಜೋರ್ ಐತಿ.”

ಮಾಜೀದನ ಸೊಸೆ ತಸ್ಲೀಮಾ ಫಕೀರಮ್ಮನಿಗೆ ನೀರು ತಂದು ಕೊಟ್ಟು, “ಬಣ್ಣದ ಕೂದಲಾ ಬ್ಯಾರೆ ತೆಗದಿಡ್ತೀವಿ ಮೌಸಿ. ಅದರಾಗ ನೋಡ್ರಿ” ಎಂದಳು. ಮತ್ತೆ ಜೀವ ಬಂತು. ಮೂಲೆಯಲ್ಲಿ ಒಂದು ಗೋಣಿಚೀಲ. ಅದನ್ನು ತಾಡಪತ್ರಿಯ ಮೇಲೆ ಸುರಿದರೆ, ಅಯ್ಯೋ, ಇಡೀ ಜಿಲ್ಲೆಯ ಹುಡುಗಿಯರೆಲ್ಲ ಮದುವೆಗೆ ಅದೇ ಕೆಂಪು ಹಚ್ಚಿಸಿಕೊಂಡಿದ್ದಾರೆ! ನಾನು ಒಂದೊಂದೇ ಉಂಡೆ ಎತ್ತಿ ಬೆಳಕಿಗೆ ಹಿಡಿದೆ. ಫಕೀರಮ್ಮ ಕಣ್ಣು ಮುಚ್ಚಿ ಬೆರಳಿನಿಂದ ತಡವಿದಳು. ಒಂದನ್ನು ಎತ್ತುವುದು, ಇದಲ್ಲ ಎಂದು ಇಡುವುದು. ಮತ್ತೊಂದು ಎತ್ತುವುದು, ಇದಿರಬಹುದೇನೋ ಎಂದು ತಡೆಯುವುದು, ಮತ್ತೆ ಇಡುವುದು. ಹೊರಗೆ ಬಿಸಿಲು ಇಳಿಯತೊಡಗಿತು.

ನಡುವೆ ನನ್ನ ಫೋನು ಬಡಿದುಕೊಂಡಿತು. ರಾಮಾಂಜನೇಯ. “ಪ್ಲೇಟ್‌ಲೆಟ್ ಇನ್ನೂ ಇಳದಾವ ಅಂತಕ್ಕಾ. ಸಿಕ್ತೋ ಇಲ್ಲೋ?” ಬಯ್ಯಬೇಕೆಂದುಕೊಂಡಿದ್ದೆ. ಅವನ ದನಿ ಅಳುವವರ ದನಿಯಾಗಿತ್ತು. ಹುಡುಕ್ತಿದ್ದೀವಿ ಎಂದು ಇಟ್ಟೆ.

ಕೊನೆಗೆ ಮಾಜೀದನೇ ಒಂದು ಕೆಂಪು ಉಂಡೆ ಎತ್ತಿ ಫಕೀರಮ್ಮನ ಕೈಯಲ್ಲಿಟ್ಟ. “ಇದನ್ನ ಒಯ್ದು ಕೊಡವ್ವಾ. ಯಾರಿಗೆ ಗೊತ್ತಾಕ್ಕೈತಿ? ಅವ್ರಿಗೂ ಸಮಾಧಾನ, ನಿನ್ನ ಜೀವಾನೂ ಉಳಿತೈತಿ.”

“ಹೂಂ ಅನ್ನು ಫಕೀರಮ್ಮಾ. ನಾನ ಸಾಕ್ಷಿ ಹೇಳ್ತೀನಿ, ಇದ ಅಂತ” ಎಂದೆ ನಾನು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಒಂದು ಉಂಡೆ ಸುಳ್ಳಿನಿಂದ ಒಬ್ಬ ಹೆಂಗಸು ಉಳಿಯುವುದಾದರೆ ಹೇಳಿದರೇನು ತಪ್ಪು?

ಅವಳು ಉಂಡೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಸದ್ಯ, ಬುದ್ಧಿ ಬಂತು ಎಂದುಕೊಂಡೆ. ವಾಪಸ್ಸು ಬಸ್ಸಿನಲ್ಲಿ ಅವಳ ಕೈ ಆ ಗಂಟಿನ ಮೇಲೆಯೇ ಇತ್ತು.

ನಾವು ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಶಾಂತಕ್ಕನ ಕಟ್ಟೆಯ ಸುತ್ತ ಬೆಳಿಗ್ಗೆಗಿಂತ ಹೆಚ್ಚು ಜನ. ಬಾಗಿಲ ಬಳಿ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಸಿದ್ಧವಾಗಿತ್ತು, ಪಕ್ಕದ ತಟ್ಟೆಯಲ್ಲಿ ಉಪ್ಪು, ಮೆಣಸಿನಕಾಯಿ. ರಾಮಾಂಜನೇಯ ಫೋನು ಹಿಡಿದು ನಿಂತಿದ್ದ. ಶಾಂತಕ್ಕ ಕೈ ಚಾಚಿದಳು.

ಫಕೀರಮ್ಮ ಗಂಟು ಬಿಚ್ಚಿದಳು. ಕೆಂಪು ಉಂಡೆ ನೋಡಿ ಜನ ನಿಟ್ಟುಸಿರು ಬಿಟ್ಟರು, ನಾನೂ ಬಿಟ್ಟೆ. ಆದರೆ ಅವಳು ಅದನ್ನು ಕೊಡಲಿಲ್ಲ.

“ಇದು ನಿಮ್ಮ ಸೊಸೀದಲ್ಲವ್ವಾ. ಅಕಿ ಕೂದಲಾ ಸಿಗಲಿಲ್ಲ. ಇದನ್ನ ಕೊಡು ಅಂತ ಕೊಟ್ಟಾರ, ನಂಗೂ ಕೊಡಾಕ ಮನಸಾಗಿತ್ತು. ಆದ್ರ ಇದು ಯಾವ ಮನಿ ಹುಡುಗೀದೋ. ಅಕಿ ಉಗುಳ್ಯಾಳೋ ಇಲ್ಲೋ ಯಾರಿಗೆ ಗೊತ್ತು? ನೀವು ಇದನ್ನ ಸುಟ್ರ, ಅಕೀಗೇನಾರ ಆದ್ರ?”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಡೀ ಹಾದಿ ಸುಮ್ಮನೆ ಕೂತು ಇದನ್ನೇ ಯೋಚಿಸಿದ್ದಾಳೆ! ರಾಮಾಂಜನೇಯ ಹಲ್ಲು ಕಚ್ಚಿ, “ಹೊತ್ತು ಮುಳುಗೇತಿ” ಎಂದು ಫೋನಿನ ಮೇಲೆ ಬೆರಳಿಟ್ಟ. ಹಿಂದಿನಿಂದ ಯಾರೋ ಅವಳ ಭುಜ ಹಿಡಿದು ಎಳೆದರು. ಫಕೀರಮ್ಮ ಎಳೆದವರ ಕಡೆ ನೋಡದೆ ಕೆಂಪು ಉಂಡೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

“ಸುಕನ್ಯವ್ವಾ, ಒಂದು ಹಣಿಗಿ ಕೊಡ್ರಿ” ಎಂದಳು.

ಯಾಕೆ ಎಂದು ತಿಳಿಯದಿದ್ದರೂ ಒಳಗೆ ಓಡಿ ತಂದುಕೊಟ್ಟೆ. ಅವಳು ಶಾಂತಕ್ಕನ ಕಟ್ಟೆಯ ಮೆಟ್ಟಿಲ ಮೇಲೆ ಕೂತು ತುರುಬು ಬಿಚ್ಚಿದಳು. ದೀಪ ಹಚ್ಚುವ ಹೊತ್ತಿನಲ್ಲಿ, ತುಂಬಿದ ಜನರ ಮುಂದೆ, ಹಿಂದಕ್ಕೂ ಮುಂದಕ್ಕೂ ತಲೆ ಬಾಚಿಕೊಂಡಳು. ಗಂಡಸರು ಮುಖ ತಿರುಗಿಸಿದರು. ಬದುಕಿಡೀ ಊರವರ ಕೂದಲು ಹೊತ್ತವಳ ತಲೆಯಲ್ಲಿ ಅಷ್ಟು ತೆಳ್ಳಗೆ ಕೂದಲಿರುವುದನ್ನು ನಾನು ಮೊದಲ ಸಲ ನೋಡಿದೆ. ಹಣಿಗೆಗೆ ಬಂದಷ್ಟನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿದಳು. ಅರ್ಧ ಕಪ್ಪು, ಅರ್ಧ ಬಿಳುಪು. ಅವಳ ಕೈ ಅಭ್ಯಾಸದಂತೆ ಬಾಯಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಆ ಉಂಡೆಯನ್ನು ಶಾಂತಕ್ಕನ ಕೈಯೊಳಗೇ ಇಟ್ಟಳು.

“ಉಗುಳಿಲ್ಲವ್ವಾ” ಎಂದಳು. “ನಿಮ್ಮ ಹುಡುಗಿದು ನನ್ನ ಕಡೆ ಹೆಂಗ ಬಂತೋ, ನಂದು ನಿಮ್ಮ ಕಡೆ ಹಂಗ ಇರ್ಲಿ. ನಾ ಕೆಟ್ಟದ್ದು ಮಾಡಿದ್ರ ನನಗ ಮಾಡ್ರಿ. ಅಲ್ಲೇ ಬೆಂಕಿ ಐತಿ.”

ಕೆಂಡ ಚಟಚಟ ಎನ್ನುತ್ತಿತ್ತು. ಶಾಂತಕ್ಕ ಆ ಉಂಡೆಯನ್ನೇ ನೋಡುತ್ತ ನಿಂತಳು. ಒಂದು ಸಲ ಕೆಂಡದ ಕಡೆ ನೋಡಿದಳು. ಅವಳ ಕೈ ಆ ಕಡೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಫಕೀರಮ್ಮ ಕಣ್ಣು ಮುಚ್ಚಿಕೊಂಡಳು. ಅವಳ ಪಾಲಿಗೆ ಅದು ತೋರಿಕೆಯಾಗಿರಲಿಲ್ಲ. ಅವಳು ನಿಜವಾಗಿಯೂ ತನ್ನ ಜೀವವನ್ನೇ ಆ ಕೈಯಲ್ಲಿಟ್ಟಿದ್ದಳು.

ಶಾಂತಕ್ಕ ಕೈಯನ್ನು ಹಿಂದಕ್ಕೆ ತಂದಳು. ಉಂಡೆಯನ್ನು ಬಾಯಿಯ ಹತ್ತಿರ ಹಿಡಿದಳು.

“ಥೂ” ಎಂದಳು. “ಥೂ. ಥೂ.”

ಉಗುಳಿದ್ದು ಫಕೀರಮ್ಮನ ಮೇಲೆ ಎಂದುಕೊಂಡು ಹಿಂದಿದ್ದವನೊಬ್ಬ ಹೋ ಎಂದ. ಮುಂದಿದ್ದ ಹೆಂಗಸರಿಗೆಲ್ಲ ಅರ್ಥವಾಗಿತ್ತು. ಒಬ್ಬಳು ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಫಕೀರಮ್ಮ ಕಣ್ಣು ಬಿಟ್ಟು, ತಾನು ಕೇಳಿದ್ದು ನಿಜವೋ ಸುಳ್ಳೋ ಎಂಬಂತೆ ಶಾಂತಕ್ಕನ ಮುಖ ನೋಡಿದಳು.

“ನಿಮ್ಮವ್ವ ಇದ್ದಿದ್ರ ಉಗುಳ್ತಿದ್ದಿಲ್ಲೇನು?” ಎಂದು ಶಾಂತಕ್ಕ ಉಂಡೆಯನ್ನು ಅವಳ ಹೆಗಲ ಚೀಲಕ್ಕೆ ಹಾಕಿದಳು. “ತಗೋ. ಇನ್ನ ಇದು ಯಾರದೂ ಅಲ್ಲ.”

ಆಮೇಲೆ ಮಗನ ಕಡೆ ತಿರುಗಿದಳು. “ಆ ಫೋನ ಒಳಗಿಡು. ಹಿತ್ತಲಾಗಿನ ಡ್ರಮ್ಮು ಚೆಲ್ಲು ನಡಿ.”